ಕುರುಗೋಡಿನಿಂದ ಸ್ಕೂಟರ್ ತಂದ ದಿನ

ನನ್ನ ಹೆಸರಿನಲ್ಲಿ ಒಂದು ಸ್ಕೂಟರ್ ಇತ್ತು. ಅದನ್ನು ಓಡಿಸಲು ಮಾತ್ರ ನನಗೆ ಬರುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತಿದು. ಆಗ ಸ್ಕೂಟರ್ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾಯಬೇಕಿತ್ತು. ಸರ್ಕಾರಿ ನೌಕರರಿಗಾದರೆ ಸ್ವಲ್ಪ ಬೇಗ ಸಿಗುತ್ತದಂತೆ ಎಂದು ಸುದ್ದಿ ತಂದವನು ನನ್ನ ಗಂಡ. ಮನೆಯಲ್ಲಿ ಸರ್ಕಾರಿ ನೌಕರಿ ಇದ್ದದ್ದು ನನಗೊಬ್ಬಳಿಗೇ. ಬಳ್ಳಾರಿಯ ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನಾನು ನರ್ಸು, ಕುರುಗೋಡಿನಲ್ಲಿ ಅವನಿಗೆ ಗೊಬ್ಬರ ಮತ್ತು ಬೀಜದ ಅಂಗಡಿ. ಹೆಸರು ನನ್ನದು, ಸಂಬಳದಲ್ಲಿ ಹಿಡಿದುಕೊಂಡ ಕಂತು ನನ್ನದು, ಸವಾರಿ ಅವನದು. ಆಗ ಅದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ.

ನಮ್ಮ ಸಂಸಾರ ಕುರುಗೋಡಿನಲ್ಲಿ, ಅವನ ತಂದೆ ತಾಯಿಯ ಜೊತೆ. ಸ್ಕೂಟರ್ ಬಂದ ಮೇಲೂ ನಾನು ದಿನಾ ಬೆಳಿಗ್ಗೆ ಬಳ್ಳಾರಿಗೆ ಬಸ್ಸಿನಲ್ಲಿ ನೇತಾಡಿಕೊಂಡೇ ಹೋಗುತ್ತಿದ್ದೆ. ಮನೆಯಿಂದ ನಾಲ್ಕು ಹೆಜ್ಜೆ ದೂರದ ಅಂಗಡಿಗೆ ಅವನು ಸ್ಕೂಟರಿನಲ್ಲಿ ಹೋಗುತ್ತಿದ್ದ. ಸೋಮವಾರ ಅಂಗಡಿಗೆ ರಜೆ. ನನಗೂ ಡ್ಯೂಟಿ ಇಲ್ಲದ ಸೋಮವಾರ ಕೂಡಿಬಂದರೆ ಸಂಜೆ ಬಸವಣ್ಣನ ಗುಡಿಗೆ ಕರೆದುಕೊಂಡು ಹೋಗುತ್ತಿದ್ದ. ನಾನು ಹಿಂದಿನ ಸೀಟಿನಲ್ಲಿ ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು, ಮಡಿಲಲ್ಲಿ ಹಣ್ಣುಕಾಯಿ ಚೀಲ ಇಟ್ಟುಕೊಂಡು ಕೂರುತ್ತಿದ್ದೆ. ಓಣಿಯ ಹೆಂಗಸರು ಕಟ್ಟೆಯ ಮೇಲಿಂದ ನೋಡಿ ಪುಣ್ಯವಂತೆ ಅನ್ನುತ್ತಿದ್ದರು. ನಾನೂ ಹೌದೇ ಹೌದು ಅಂದುಕೊಳ್ಳುತ್ತಿದ್ದೆ.

ಮದುವೆಯಾಗಿ ಕೆಲವು ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಊರಿನವರ ಮಕ್ಕಳನ್ನೆಲ್ಲ ಕೈಯಾರೆ ಹೊರಗೆ ತರುವವಳಿಗೆ ತನ್ನದೊಂದು ಇಲ್ಲವಲ್ಲ ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ, ಬಾಯಿಗೇನು ಬೀಗವೇ ಎಂದು ನಾನು ಸುಮ್ಮನಿದ್ದೆ. ಆದರೆ ಒಂದು ದಿನ ನನ್ನ ಗಂಡ ಇಸ್ತ್ರಿ ಅಂಗಿ ತೊಟ್ಟು, ಸ್ಕೂಟರಿಗೆ ಎಣ್ಣೆ ಬಟ್ಟೆ ಹಾಕಿ ಫಳಫಳ ಒರೆಸಿ, ಪಕ್ಕದ ಊರಿಗೆ ಇನ್ನೊಂದು ಹೆಣ್ಣು ನೋಡಿಕೊಂಡು ಬಂದ. ಹೆಣ್ಣು ನೋಡಿದ್ದಕ್ಕಿಂತ ಹೆಚ್ಚಾಗಿ, ನನ್ನ ಸ್ಕೂಟರ್ ಮೇಲೆ ಹೋಗಿ ನೋಡಿದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು. ಅದನ್ನು ಹೇಳಿದಾಗ ಅವನಿಗೆ ನಗು ಬಂತು. ನಾನು ಅಂದೇ ಟ್ರಂಕು ಕಟ್ಟಿದೆ.

ಹಿರಿಯರು ಸೇರಿ ನಮ್ಮನ್ನು ಬೇರೆ ಮಾಡಿದರು. ಅವನ ದೊಡ್ಡಪ್ಪ ಮುಂದೆ ಕೂತಿದ್ದರು, ನನ್ನ ಕಡೆಯಿಂದ ನನ್ನ ತಮ್ಮ. ತವರಿನಿಂದ ತಂದ ಹಂಡೆ, ಕೊಳಗ, ಮಂಚ, ಹೊಲಿಗೆ ಯಂತ್ರ ಎಲ್ಲವೂ ನನ್ನ ಪಾಲಿಗೆ ಬಂದವು. ಒಂದು ಸಾರಿನ ಸೌಟಿನ ಬಗ್ಗೆಯೂ ಚರ್ಚೆ ನಡೆಯಿತು. ಅಂಗಳದಲ್ಲೇ ನಿಂತಿದ್ದ ಸ್ಕೂಟರ್ ಯಾರದು ಎಂದು ಒಬ್ಬರೂ ಬಾಯಿ ಬಿಡಲಿಲ್ಲ. ಗಂಡಸು ಓಡಿಸುವ ಗಾಡಿ ಗಂಡಸಿನದು, ಅದನ್ನೇನು ಕೇಳುವುದು ಎಂಬಂತಿತ್ತು. ನನ್ನ ತಮ್ಮನಂತೂ ಹೊರಡುವಾಗ ಅದರ ಹ್ಯಾಂಡಲ್ಲಿಗೆ ಹಾಕಿದ್ದ ತನ್ನ ಟವೆಲ್ ಮರೆತು, ವಾಪಸ್ ಹೋಗಿ ತಂದ. ನಾನು ಆ ದಿನ ಬಾಗಿಲು ದಾಟುವುದೊಂದನ್ನೇ ನೋಡುತ್ತಿದ್ದೆ. ಅತ್ತೆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ನಾನು ಕೊನೆಯ ಬಸ್ಸಿಗೆ ಬಂದಾಗಲೆಲ್ಲ ಬಟ್ಟೆಯಲ್ಲಿ ಸುತ್ತಿ ಬಿಸಿ ರೊಟ್ಟಿ ಇಟ್ಟಿರುತ್ತಿದ್ದ ಹೆಂಗಸು. ಮಗನಿಗೆ ಎದುರಾಡಿದ್ದನ್ನು ನಾನು ಕಂಡೇ ಇರಲಿಲ್ಲ, ನನ್ನ ಪರವಾಗಿಯೂ ಇಲ್ಲ, ತನ್ನ ಪರವಾಗಿಯೂ ಇಲ್ಲ.

ಬಳ್ಳಾರಿ ಬೇಡವೆನಿಸಿ ಸಿರುಗುಪ್ಪಕ್ಕೆ ವರ್ಗ ಕೇಳಿ ತೆಗೆದುಕೊಂಡೆ. ಅಲ್ಲಿ ಒಂದು ಕೋಣೆ, ಒಂದು ಅಡುಗೆಕಟ್ಟೆ, ಯಾರ ಕಾಟವೂ ಇಲ್ಲ. ಆಸ್ಪತ್ರೆಯ ಕೆಲಸದ ಜೊತೆ ಹಳ್ಳಿ ತಿರುಗುವ ಕೆಲಸವೂ ನನ್ನ ಪಾಲಿಗೆ ಬಂತು. ಕರೂರು, ರಾರಾವಿ, ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು. ಕ್ಯಾಂಪುಗಳಲ್ಲಿ ತೆಲುಗು, ಹಳ್ಳಿಗಳಲ್ಲಿ ಕನ್ನಡ, ನೋವು ಬಂದಾಗ ಎಲ್ಲರದೂ ಒಂದೇ ಕೂಗು. ಕೆಲಸ ನನಗೆ ಹಿಡಿಸಿತ್ತು. ಹಿಡಿಸದಿದ್ದದ್ದು ಬಸ್ಸು. ಅದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ನಡುವೆ ಡ್ರೈವರನ ಮರ್ಜಿ.

ಒಂದು ಮಧ್ಯಾಹ್ನ ಕರೂರಿನಿಂದ ಸೈಕಲ್ಲಿನಲ್ಲಿ ಒಬ್ಬ ಬಂದ. ಅವನ ಹೆಂಡತಿಗೆ ಬೆಳಗಿನಿಂದ ಬೇನೆ, ಸೂಲಗಿತ್ತಿಯ ಕೈ ಸೋತಿತ್ತು. ನಾನು ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದೆ. ಬಸ್ಸು ಬರಲಿಲ್ಲ. ಕಾದು ಕಾದು ಕೊನೆಗೆ ಭತ್ತದ ಮೂಟೆ ಹೊತ್ತ ಟ್ರ್ಯಾಕ್ಟರಿನ ಮೇಲೆ ಕೂತು ಹೋದೆ. ನಾನು ತಲುಪುವಷ್ಟರಲ್ಲಿ ತಾಯಿ ಉಳಿದಿದ್ದಳು, ಕೂಸು ತಣ್ಣಗಾಗಿತ್ತು. ಒಳ್ಳೆ ದುಂಡನೆಯ ಗಂಡು ಕೂಸು. ಅರ್ಧ ತಾಸು ಮೊದಲು ನನ್ನ ಕೈಗೆ ಸಿಕ್ಕಿದ್ದರೆ ಅದು ಅಳುವಂತೆ ಮಾಡುತ್ತಿದ್ದೆ, ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಆ ಮನೆಯ ಮುದುಕಿ ನನ್ನನ್ನು ಒಂದು ಮಾತು ಅನ್ನಲಿಲ್ಲ. ದೂರದಿಂದ ಬಂದಿದ್ದೀರಿ ಎಂದು ಚಾ ಕೊಟ್ಟಳು. ಅದನ್ನು ಕುಡಿಯುವುದು ನನಗೆ ಬಹಳ ಕಷ್ಟವಾಯಿತು.

ವಾಪಸ್ ಬರುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಒಂದೇ. ಆ ಹೊತ್ತಿಗೆ ಸರಿಯಾಗಿ ನನ್ನ ಸ್ಕೂಟರ್ ಕುರುಗೋಡಿನ ಅಂಗಡಿಯ ಮುಂದೆ ಗೋಣಿತಟ್ಟು ಹೊದ್ದುಕೊಂಡು ನೆರಳಿನಲ್ಲಿ ನಿಂತಿರುತ್ತದೆ. ದುಃಖ ಸಿಟ್ಟಿಗೆ ತಿರುಗಿದರೆ ನನಗೆ ಒಳ್ಳೆಯದೇ, ಕೈಕಾಲು ಚುರುಕಾಗುತ್ತವೆ. ಮರುದಿನವೇ ಗಂಡನ ದೊಡ್ಡಪ್ಪನಿಗೆ ಹೇಳಿ ಕಳಿಸಿದೆ, ಸ್ಕೂಟರ್ ನನ್ನದು, ಬಂದು ತೆಗೆದುಕೊಂಡು ಹೋಗುತ್ತೇನೆ ಎಂದು. ಉತ್ತರ ಅವನಿಂದಲೇ ಬಂತು, ಬಸ್ಸಿನ ಕಂಡಕ್ಟರ್ ಬಾಯಿಂದ, ಬಸ್ಸಿನಲ್ಲಿದ್ದವರೆಲ್ಲ ಕೇಳುವಂತೆ: “ಓಡಸಾಕ ಬರ್ತೈತೇನಂತ ಅಕಿಗೆ? ಅಂಗಳದಾಗ ನಿಲ್ಲಿಸಿ ಪೂಜಿ ಮಾಡ್ತಾಳೇನಂತ ಕೇಳ್ಯಾನ.”

ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಕಾಗದ ನಿಮ್ಮ ಹೆಸರಿನಲ್ಲಿದೆ, ಕೇಸು ಗೆಲ್ಲುತ್ತೀರಿ, ಆದರೆ ಗೆಲ್ಲುವ ಹೊತ್ತಿಗೆ ಗಾಡಿ ತುಕ್ಕು ಹಿಡಿದಿರುತ್ತದೆ ಎಂದರು. ಅವರು ಫೀಸು ಕೇಳದೆ ಕೊಟ್ಟ ಸಲಹೆ, ಹಾಗಾಗಿ ನಿಜವಿರಬೇಕು ಎಂದುಕೊಂಡೆ. ನನಗೆ ಬೇಕಿದ್ದದ್ದು ಗೆಲುವಲ್ಲ, ಗಾಡಿ. ಅದನ್ನು ತರಲು ಯಾರನ್ನಾದರೂ ಗಂಡಸರನ್ನು ಕಳಿಸಬಹುದಿತ್ತು, ನನ್ನ ತಮ್ಮನೇ ಇದ್ದ. ಕಳಿಸಿದರೆ ಅವನು ಓಡಿಸಿಕೊಂಡು ಬರುತ್ತಾನೆ, ಆಮೇಲೆ ಕರೂರಿಗೆ ಯಾರು ಓಡಿಸುತ್ತಾರೆ? ಮೊದಲು ಕಲಿಯಬೇಕು, ಆಮೇಲೆ ತರಬೇಕು ಎಂದು ನಿಶ್ಚಯಿಸಿದೆ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಒಬ್ಬ ಸ್ಕೂಟರ್ ಮೆಕ್ಯಾನಿಕ್ ಇದ್ದರು. ಅವರ ಸೊಸೆಯ ಎರಡು ಹೆರಿಗೆ ನನ್ನ ಕೈಯಲ್ಲೇ ಆಗಿದ್ದವು. ನಾನು ಅವರನ್ನು ಚಾಚಾ ಅನ್ನುತ್ತಿದ್ದೆ. ಹೋಗಿ ವಿಷಯ ಹೇಳಿದಾಗ ಅವರು ನಗಲಿಲ್ಲ, ಅದೇ ನನಗೆ ಅರ್ಧ ಬಲ. ಬೀಡಿ ಆರಿಸಿ, “ಸೀರ್‍ಯಾಗ ಹೆಂಗ ಮಾಡ್ತಿ ಬೇಟಿ?” ಅಂದರು. ನನ್ನ ಅಜ್ಜಿ ಹೊಲಕ್ಕೆ ಹೋಗುವಾಗ ಉಡುತ್ತಿದ್ದ ಹಾಗೆ ಕಚ್ಚೆ ಹಾಕಿ ಉಡುತ್ತೇನೆ ಎಂದೆ. ಆ ಉಡುಗೆಯಲ್ಲಿ ಅಜ್ಜಿ ಎತ್ತಿನ ಹಿಂದೆ ಓಡುತ್ತಿದ್ದಳು, ನಾನು ಸ್ಕೂಟರ್ ಮೇಲೆ ಕೂರಲಾರೆನೇ?

ರಜೆ ಸಿಕ್ಕಾಗಲೆಲ್ಲ ಸಿರುಗುಪ್ಪದಿಂದ ಬಳ್ಳಾರಿಗೆ ಹೋದೆ. ರಿಪೇರಿಗೆ ಬಂದ ಒಂದು ಹಳೆಯ ಸ್ಕೂಟರನ್ನು ಚಾಚಾ ಬೆಳಗಿನ ಹೊತ್ತು ಬಯಲಿಗೆ ತಳ್ಳಿಕೊಂಡು ಬರುತ್ತಿದ್ದರು. ಮೊದಲ ದಿನ ಮೂರು ದಿಕ್ಕಿಗೆ ಬಿದ್ದೆ, ನಾಲ್ಕನೆಯ ದಿಕ್ಕಿಗೆ ಚಾಚಾ ನಿಂತಿದ್ದರು. ಕ್ಲಚ್ಚು ಬಿಡುವುದು ಕೈಗೆ ಬರುತ್ತಲೇ ಇರಲಿಲ್ಲ. ಒಂದು ಸಲ ಗಾಡಿ ಕುದುರೆಯಂತೆ ಹಾರಿದರೆ ಇನ್ನೊಂದು ಸಲ ಸತ್ತೇ ಹೋಗುತ್ತಿತ್ತು. ಕೊನೆಗೆ ಅದು ಹೊಳೆದದ್ದು ವಾರ್ಡಿನಲ್ಲಿ. ಮಗುವಿನ ತಲೆ ಬರುವಾಗ ಕೈ ಕೊಡುತ್ತೇವಲ್ಲ, ತಡೆಯಲೂಬಾರದು, ಎಳೆಯಲೂಬಾರದು, ಅದು ಬಂದಷ್ಟಕ್ಕೆ ಕೈ ಬಿಟ್ಟುಕೊಡುತ್ತ ಹೋಗಬೇಕು. ಮುಂದಿನ ಸಲ ಹಾಗೇ ಬಿಟ್ಟೆ. ಗಾಡಿ ಮೆತ್ತಗೆ ಹೊರಟಿತು. ಚಾಚಾ ಹಿಂದೆ ಓಡುವುದನ್ನು ನಿಲ್ಲಿಸಿ ಬೀಡಿ ಹಚ್ಚಿದರು. ಬಯಲಿನಲ್ಲಿ ಸುತ್ತು ಹೊಡೆಯುವಾಗ ನನಗೆ ಒಳಗೊಳಗೇ ನಗು. ಇಷ್ಟು ದಿನ ಹಿಂದೆ ಕೂತು ಇದನ್ನೇನು ಮಹಾವಿದ್ಯೆ ಅಂದುಕೊಂಡಿದ್ದೆ ಎಂದು.

ಒಂದು ಸೋಮವಾರ ಬೆಳಿಗ್ಗೆ ಕಚ್ಚೆ ಹಾಕಿ ಸೀರೆ ಉಟ್ಟು, ಕಾಗದಗಳನ್ನು ಪರ್ಸಿನಲ್ಲಿಟ್ಟು ಕುರುಗೋಡಿಗೆ ಹೋದೆ. ಸೋಮವಾರವನ್ನೇ ಆರಿಸಿದ್ದೆ. ಅಂಗಡಿಗೆ ರಜೆ, ಗಂಡ ಮನೆಯಲ್ಲಿರುತ್ತಾನೆ, ಓಣಿಯವರೂ ಇರುತ್ತಾರೆ, ನಡೆಯುವುದು ನಾಲ್ಕು ಜನರ ಕಣ್ಣೆದುರು ನಡೆಯಲಿ ಎಂದು. ಬಸ್ಸಿಳಿದಾಗಲೇ ಯಾರೋ ನೋಡಿ ಓಡಿಹೋಗಿ ಸುದ್ದಿ ಮುಟ್ಟಿಸಿದ್ದರು. ನಾನು ಮನೆ ತಲುಪಿದಾಗ ಅವನು ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ, ದಿನಪತ್ರಿಕೆ ಹಿಡಿದು ಕೂತಿದ್ದ. ಮಾವ ಒಳಕೋಣೆಯಲ್ಲಿ ಮಲಗಿದ್ದರು, ಅವರು ಇಂಥ ವಿಷಯಗಳಿಗೆಲ್ಲ ಮಲಗಿಯೇ ಇರುತ್ತಿದ್ದರು. ಸ್ಕೂಟರ್ ಅಂಗಳದ ಬೇವಿನ ಕೆಳಗೆ ನಿಂತಿತ್ತು. ಹಿಂದಿನ ಗಾಲಿಯ ಕವರಿನ ಮೇಲೆ ಕೆಂಪು ಅಕ್ಷರದಲ್ಲಿ ಅವನ ಅಂಗಡಿಯ ಹೆಸರು, ಅದರ ಕೆಳಗೆ ‘ಗೊಬ್ಬರ, ಬೀಜ, ಕ್ರಿಮಿನಾಶಕ’. ಸೀಟು ಹರಿದು ಒಳಗಿನ ನಾರು ಕಾಣುತ್ತಿತ್ತು. ಮೂಟೆ ಹೇರಿ ಹೇರಿ ಹಿಂದಿನ ಕ್ಯಾರಿಯರು ಬಾಗಿತ್ತು. ನನಗೆ ಅದನ್ನು ನೋಡಿ ಅಯ್ಯೋ ಅನ್ನಿಸಿತು, ಗಂಡನನ್ನು ನೋಡಿ ಏನೂ ಅನ್ನಿಸಲಿಲ್ಲ.

ಗಾಡಿ ಒಯ್ಯಲು ಬಂದಿದ್ದೇನೆ ಎಂದು ಹೇಳಿದೆ. ಅವನು ಪತ್ರಿಕೆಯಿಂದ ಕಣ್ಣೆತ್ತದೆ ಒಯ್ಯಿ ಅಂದ. ಕೀಲಿಕೈ ಕೇಳಿದೆ. ಕಳೆದಿದೆ ಅಂದ. ಹ್ಯಾಂಡಲ್ಲಿಗೆ ಲಾಕು ಬಿದ್ದಿತ್ತು, ಅಡ್ಡಕ್ಕೆ ತಿರುಗಿ ನಿಂತ ಗಾಡಿಯನ್ನು ತಳ್ಳಲೂ ಬರುವಂತಿರಲಿಲ್ಲ. ಬೆಳಿಗ್ಗೆ ಗುಡಿಗೆ ಇದೇ ಗಾಡಿಯಲ್ಲಿ ಹೋಗಿಬಂದದ್ದಕ್ಕೆ ಸಾಕ್ಷಿಯಾಗಿ ಅದರ ಮುಂದಿನ ಗಾಲಿಗೆ ತಾಜಾ ಕೆಸರಿತ್ತು, ಹ್ಯಾಂಡಲ್ಲಿಗೆ ಸಿಗಿಸಿದ ಸೇವಂತಿಗೆ ಇನ್ನೂ ಬಾಡಿರಲಿಲ್ಲ. ಅಷ್ಟರಲ್ಲಿ ಓಣಿಯ ಜನ ಬೇಲಿಯ ಬಳಿ ಸೇರಿದರು. ಅವನ ದೊಡ್ಡಪ್ಪನೂ ಕೋಲೂರಿಕೊಂಡು ಬಂದರು. ನಾನು ಅವರಿಗೆ ಕಾಗದ ತೋರಿಸಿದೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ, ಗಾಡಿ ನಿನ್ನದು ಅನ್ನೋದರಲ್ಲಿ ಎರಡು ಮಾತಿಲ್ಲ ತಂಗಿ, ಆದರೆ ಕೀಲಿಯೇ ಇಲ್ಲದ ಮೇಲೆ ಏನು ಮಾಡೋದು, ಸಿಕ್ಕ ಮೇಲೆ ಹೇಳಿ ಕಳಿಸುತ್ತೇವೆ ಅಂದರು. ಹಿರಿಯರು ನ್ಯಾಯವನ್ನೂ ಹೇಳಬೇಕು, ಮನೆಯ ಹುಡುಗನನ್ನೂ ಉಳಿಸಿಕೊಳ್ಳಬೇಕು. ಅವರ ಕಷ್ಟ ನನಗೆ ಅರ್ಥವಾಯಿತು, ಆದರೆ ಅದಕ್ಕಾಗಿ ನಾನು ಬಸ್ ಹತ್ತಿ ಬಂದಿರಲಿಲ್ಲ.

ಗಂಡ ಆಗ ಪತ್ರಿಕೆ ಮಡಚಿಟ್ಟು, ಜನರ ಕಡೆ ನೋಡಿ, “ಬೇಕಾದ್ರ ತಲಿ ಮ್ಯಾಲ ಹೊತ್ಕೊಂಡು ಹೋಗ್ಲಿ. ನಾ ಏನು ಬ್ಯಾಡ ಅಂದೀನೇನು?” ಅಂದ. ನಾಲ್ಕು ಜನ ನಕ್ಕರು. ನನಗೆ ಕರೂರಿನ ಆ ಚಾ ನೆನಪಾಯಿತು. ಕಟ್ಟೆಯ ಮೂಲೆಯಲ್ಲಿ ಮಸಾಲೆ ಅರೆಯುವ ಗುಂಡುಕಲ್ಲು ಇತ್ತು. ಎರಡೂ ಕೈಯಲ್ಲಿ ಎತ್ತಿಕೊಂಡೆ. ಲಾಕು ಮುರಿಯುತ್ತೇನೆ, ಮುರಿದದ್ದು ನನ್ನ ಗಾಡಿ, ಯಾರಪ್ಪನ ಗಂಟೂ ಹೋಗುವುದಿಲ್ಲ ಎಂದು ಬಹಳ ಸಾವಧಾನವಾಗಿಯೇ ಹೇಳಿದೆ. ನಗು ನಿಂತಿತು. ಅವನು ಕಟ್ಟೆಯಿಂದ ಇಳಿದು ಬಂದು ಸ್ಕೂಟರಿಗೆ ಅಡ್ಡ ನಿಂತ. ನಾನು ಕಲ್ಲು ಇಳಿಸಲಿಲ್ಲ.

“ಯವ್ವಾ, ಕಲ್ಲು ಕೆಳಗ ಇಡು.”

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕೈಯಲ್ಲಿ ಮೊರ, ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಬೇರು, ಅಡಿಕೆ, ಉತ್ತತ್ತಿ, ವೀಳ್ಯದೆಲೆ, ಮೇಲೆ ಮಡಚಿದ ಕುಪ್ಪಸದ ಬಟ್ಟೆ. ಉಡಿ ತುಂಬುವ ಸಾಮಾನು. ಮನೆಯ ಹೆಣ್ಣುಮಗಳು ಎಲ್ಲಿಗೇ ಹೊರಟರೂ ನಮ್ಮ ಕಡೆ ಅವಳ ಸೆರಗಿನ ಮಡಿಲಿಗೆ ಇವನ್ನೆಲ್ಲ ತುಂಬಿ ಕಳಿಸುತ್ತಾರೆ. ಬೇರೆಯಾದ ದಿನ ನನಗೆ ಯಾರೂ ಉಡಿ ತುಂಬಿರಲಿಲ್ಲ. ಬಿಟ್ಟುಹೋಗುವವಳಿಗೆ ತುಂಬುವ ಪದ್ಧತಿಯೂ ಇಲ್ಲ.

“ಅವತ್ತು ಬರೀ ಉಡೀಲೆ ಹೋದಿ. ನನಗ ಅವತ್ತಿಂದ ಅನ್ನ ರುಚಿಸಿಲ್ಲ,” ಅಂದರು ಅತ್ತೆ. “ಗಾಡಿ ಸಿಗ್ಲಿ ಬಿಡ್ಲಿ, ಇವತ್ತು ಹಂಗ ಕಳಸಂಗಿಲ್ಲ. ಬಾ, ಕುಂದ್ರು.”

ದೊಡ್ಡಪ್ಪನಿಗೆ ಇದು ದೇವರೇ ಕಳಿಸಿದ ದಾರಿ ಅನ್ನಿಸಿರಬೇಕು. ಹೋಗು ತಂಗಿ, ಹಿರಿಯಳು ಕರೆಯುತ್ತಾಳೆ, ಉಡಿ ತುಂಬಿಸಿಕೊಂಡು ನಗುನಗುತ್ತಾ ಹೋಗು ಎಂದರು. ಗಂಡನೂ ಸುಮ್ಮನೆ ಪಕ್ಕಕ್ಕೆ ಸರಿದ. ಹೆಂಗಸರ ಶಾಸ್ತ್ರ ಮುಗಿದರೆ ನಾನು ಬಂದ ದಾರಿಗೆ ಸುಂಕವಿಲ್ಲದೆ ಹೋಗುತ್ತೇನೆಂದು ಅವನ ಲೆಕ್ಕ. ನಿಜ ಹೇಳಬೇಕೆಂದರೆ ನನಗೆ ಅತ್ತೆಯ ಮೇಲೂ ಸಿಟ್ಟು ಬಂತು. ಕಲ್ಲು ಎತ್ತಿದವಳ ಕೈಗೆ ಅಕ್ಕಿ ಕೊಟ್ಟು ಸಮಾಧಾನ ಮಾಡುವುದು ಎಂಥ ನ್ಯಾಯ? ಆದರೂ ಆ ಹೆಂಗಸಿನ ಮಾತು ಮೀರಲು ಆಗಲಿಲ್ಲ. ಕಲ್ಲು ಇಟ್ಟು, ಕಟ್ಟೆಯ ಮೇಲಿನ ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತು ಸೆರಗು ಹಿಡಿದೆ.

ಕುಂಕುಮ ಹಚ್ಚಿದರು. ಒಂದೊಂದೇ ಬೊಗಸೆ ಅಕ್ಕಿ ಹಾಕಿದರು. ಕೊಬ್ಬರಿ, ಅಡಿಕೆ, ಬೇರು. ಕೊನೆಯ ಬೊಗಸೆಯ ಜೊತೆ ಮಡಿಲಿಗೆ ಏನೋ ತಣ್ಣಗೆ, ಭಾರವಾಗಿ ಬಿತ್ತು. ನಾನು ಬಗ್ಗಿ ನೋಡಿದೆ. ಅಕ್ಕಿಯ ನಡುವೆ ಸ್ಕೂಟರಿನ ಕೀಲಿಕೈ. ಅದಕ್ಕೆ ನಾನೇ ಹೆಣೆದು ಕಟ್ಟಿದ ನೀಲಿ ದಾರ ಇನ್ನೂ ಹಾಗೇ ಇತ್ತು.

ಆಮೇಲೆ ತಿಳಿದ ಸಂಗತಿ ಇಷ್ಟು. ನಾನು ಬಸ್ಸಿಳಿದ ಸುದ್ದಿ ಬಂದ ಕೂಡಲೇ ಅವನು ಕೀಲಿಕೈಯನ್ನು ತಾಯಿಯ ಕೈಗೆ ಕೊಟ್ಟು ಜೋಳದ ಗಡಿಗೆಯಲ್ಲಿ ಮುಚ್ಚಿಡು ಅಂದಿದ್ದ. ಹುಟ್ಟಿದಾಗಿನಿಂದ ಅವನು ಮುಚ್ಚಿಡಬೇಕಾದ್ದನ್ನೆಲ್ಲ ಅವರ ಕೈಗೇ ಕೊಟ್ಟವನು, ಸಾಲೆಯ ಸೊನ್ನೆ ಅಂಕದಿಂದ ಹಿಡಿದು ಬೀಡಿ ಕಟ್ಟಿನವರೆಗೆ. ಒಮ್ಮೆಯೂ ಆ ಗಡಿಗೆ ಬಾಯಿ ಬಿಟ್ಟಿರಲಿಲ್ಲ. ನಮ್ಮ ಕಡೆಯ ಗಂಡುಮಕ್ಕಳು ಅಮ್ಮನನ್ನು ಗಡಿಗೆಯ ಲೆಕ್ಕಕ್ಕೇ ಸೇರಿಸಿಬಿಟ್ಟಿರುತ್ತಾರೆ.

ಅವನೂ ನೋಡಿದ. ಒಂದು ಹೆಜ್ಜೆ ಮುಂದೆ ಬಂದು, “ಅವ್ವಾ, ಅದನ್ಯಾಕ ಹಾಕಿದಿ? ತಗಿ ಅದನ್ನ,” ಅಂದ. ಅತ್ತೆ ತಲೆ ಎತ್ತಲಿಲ್ಲ. ಕುಪ್ಪಸದ ಬಟ್ಟೆಯನ್ನು ಕೀಲಿಕೈಯ ಮೇಲೆ ಇಟ್ಟು, ನನ್ನ ಸೆರಗಿನ ತುದಿಯನ್ನು ತಾವೇ ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಮಗನಿಗೆ ಹೇಳಿದರು:

“ನೀ ನನ್ನ ಹೊಟ್ಟ್ಯಾಗ ಹುಟ್ಟಿದವ. ಗಾಡಿ ಅಕಿ ದುಡಿಮ್ಯಾಗ ಹುಟ್ಟಿದ್ದು. ಅಕಿದು ಅಕಿ ಉಡಿಗೆ ಹಾಕೀನಿ.”

ಅವನು ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಬೇಲಿಯ ಬಳಿಯ ಹೆಂಗಸರ ಮುಖ ನೋಡಿದರು. ಉಡಿಗೆ ಬಿದ್ದದ್ದನ್ನು ವಾಪಸ್ ಕೇಳುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಕೇಳಿದರೆ ಆ ಮನೆಗೆ ಹೆಣ್ಣು ಕೊಡಲು ಜನ ಹಿಂದೆ ಮುಂದೆ ನೋಡುತ್ತಾರೆ, ಅವನಿಗೋ ಇನ್ನೊಂದು ಮದುವೆಯ ಮಾತು ನಡೆದಿತ್ತು. ಹಿರಿಯರು ಕೆಮ್ಮಿ, “ಉಡ್ಯಾಗಿಂದು ಮುಟ್ಟಬಾರದಪ್ಪ. ಬಿಡು,” ಅಂದರು. ಅಲ್ಲಿಗೆ ಮಾತು ಮುಗಿಯಿತು. ನಾನು ಅತ್ತೆಯ ಕಾಲಿಗೆ ಬಿದ್ದೆ. ಆ ಮನೆಯಲ್ಲಿ ಹಬ್ಬಹಬ್ಬಕ್ಕೂ ಬಿದ್ದ ಕಾಲುಗಳೇ, ಮನಸ್ಸಿಟ್ಟು ಬಿದ್ದದ್ದು ಆವತ್ತು.

ಲಾಕು ತೆಗೆದೆ. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಕಿಕ್ ಹೊಡೆದೆ. ಚಾಲೂ ಆಗಲಿಲ್ಲ. ಮತ್ತೆ ಹೊಡೆದೆ, ಮತ್ತೆ ಇಲ್ಲ. ಬೇಲಿಯ ಬಳಿ ಪಿಸುಪಿಸು ಶುರುವಾಯಿತು. ಅವನು ಕಟ್ಟೆಗೆ ವಾಪಸ್ ಹೋಗಿ ಕೈಕಟ್ಟಿ ಕೂತು ಕಾಯುತ್ತಿದ್ದ, ಈಗ ಸಹಾಯಕ್ಕೆ ತನ್ನನ್ನೇ ಕರೆಯುತ್ತೇನೆ ಎಂದು. ಆಗಿನ ಸೋಮವಾರಗಳಲ್ಲಿ ಗುಡಿಯ ಮುಂದೆ ಇದೇ ಗಾಡಿ ಚಾಲೂ ಆಗದಿದ್ದಾಗ ಅವನು ನನ್ನನ್ನು ಇಳಿಸಿ, ಚೀಲ ಹಿಡಿದು ನಿಲ್ಲಿಸಿ, ಏನು ಮಾಡುತ್ತಿದ್ದ ಎಂಬುದನ್ನು ಹಿಂದಿನ ಸೀಟಿನವಳು ನೋಡಿಲ್ಲವೆಂದು ಅವನ ನಂಬಿಕೆ. ಅವನು ಮಾಡುತ್ತಿದ್ದ ಹಾಗೇ ಗಾಡಿಯನ್ನು ಬಲಗಡೆಗೆ ನೆಲ ಮುಟ್ಟುವಷ್ಟು ವಾಲಿಸಿ, ಹತ್ತು ಎಣಿಸುವಷ್ಟು ಹೊತ್ತು ಹಿಡಿದು, ನೆಟ್ಟಗೆ ಮಾಡಿ ಕಿಕ್ ಹೊಡೆದೆ. ಹೊಗೆ ಕಾರಿಕೊಂಡು ಚಾಲೂ ಆಯಿತು. ಕಚ್ಚೆ ಸೀರೆಯಲ್ಲಿ, ಮಡಿಲ ತುಂಬ ಅಕ್ಕಿ ಕಟ್ಟಿಕೊಂಡು ಕೂತು ಗೇರ್ ಹಾಕಿದೆ. ಬೇಲಿಯ ಜನ ದಾರಿ ಬಿಟ್ಟರು. ಅವರಲ್ಲಿ ಯಾವ ಹೆಂಗಸೂ ನಗುತ್ತಿರಲಿಲ್ಲ, ಒಬ್ಬಿಬ್ಬರು ಬಾಯಿಗೆ ಸೆರಗು ಹಿಡಿದಿದ್ದರು.

ಬಯಲಿನಲ್ಲಿ ಓಡಿಸುವುದು ಬೇರೆ, ಲಾರಿ ಬರುವ ರಸ್ತೆಯಲ್ಲಿ ಓಡಿಸುವುದು ಬೇರೆ ಎಂಬುದು ಊರು ದಾಟಿದ ಮೇಲೆ ತಿಳಿಯಿತು. ಎದುರಿಗೆ ಏನೇ ಬಂದರೂ ನಾನು ರಸ್ತೆ ಬಿಟ್ಟು ಮಣ್ಣಿಗಿಳಿದು ನಿಂತು, ಅದು ಹೋದ ಮೇಲೆ ಮರ್ಯಾದೆಯಿಂದ ಮತ್ತೆ ಹೊರಡುತ್ತಿದ್ದೆ. ಒಂದು ಎತ್ತಿನ ಬಂಡಿಗೂ ಹಾಗೇ ದಾರಿ ಬಿಟ್ಟೆ. ಬಂಡಿಯವನು ಇದ್ಯಾವ ಮರ್ಯಾದಸ್ತ ಹೆಣ್ಣುಮಗಳು ಎಂಬಂತೆ ನೋಡಿದ. ಭತ್ತದ ಗದ್ದೆಗಳು ಶುರುವಾದ ಮೇಲೆ ಕಾಲುವೆಯ ಸೇತುವೆಯ ಬಳಿ ಗಾಡಿ ನಿಲ್ಲಿಸಿದೆ. ಮಡಿಲಿನ ಗಂಟು ಸಡಿಲಾಗಿ ಅಕ್ಕಿ ದಾರಿಯುದ್ದಕ್ಕೂ ಸೋರಿತ್ತು. ಬಿಗಿದು ಕಟ್ಟಿಕೊಳ್ಳುವಾಗ ಅಳು ಬಂತು. ಖುಷಿಗೋ ಸುಸ್ತಿಗೋ ಎಂದು ನೋಡುತ್ತ ಕೂರಲಿಲ್ಲ. ಮುಖ ತೊಳೆದುಕೊಂಡು ಹೊರಟೆ. ಸಿರುಗುಪ್ಪ ಸೇರಿದಾಗ ಇನ್ನೂ ಬಿಸಿಲಿತ್ತು. ಉಳಿದ ಅಕ್ಕಿಗೆ ಬೆಲ್ಲ ಹಾಕಿ ಹುಗ್ಗಿ ಮಾಡಿ ವಠಾರಕ್ಕೆಲ್ಲ ಕೊಟ್ಟೆ.

ಆಮೇಲೆ ಕರೂರು ನನಗೆ ದೂರವಾಗಲಿಲ್ಲ. ರಾರಾವಿಯೂ ಅಷ್ಟೇ. ಹಿಂದಿನ ಗಾಲಿಯ ಕವರಿಗೆ ಬಣ್ಣ ಬಳಿಯಲು ಬಹಳ ದಿನ ಪುರುಸೊತ್ತಾಗಲಿಲ್ಲ, ಹಾಗಾಗಿ ಕ್ಯಾಂಪುಗಳಲ್ಲಿ ರೈತರು ನನ್ನನ್ನು ನಿಲ್ಲಿಸಿ ತೆಲುಗಿನಲ್ಲಿ ಯೂರಿಯಾ ಬಂದಿದೆಯೇ ಎಂದು ಕೇಳುತ್ತಿದ್ದರು. ಕರೂರಿನ ಆ ಸೈಕಲ್ಲಿನವನ ಹೆಂಡತಿ ಮತ್ತೆ ಬಸುರಾದಳು. ಈ ಸಲ ಬೇನೆ ಶುರುವಾದ ಸುದ್ದಿ ಅವನು ತಂದ ಕೂಡಲೇ ಹೊರಟ ನಾನು ಅವನಿಗಿಂತ ಮೊದಲೇ ಅವನ ಮನೆಯಲ್ಲಿದ್ದೆ, ಅವನು ಇನ್ನೂ ವಾಪಸ್ ದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದ. ಹೆಣ್ಣು ಕೂಸು, ಹುಟ್ಟಿದ ಕೂಡಲೇ ಊರೆಲ್ಲ ಕೇಳುವಂತೆ ಅತ್ತಿತು. ಆ ಮುದುಕಿಯ ಚಾ ಕೇಳಿ ಎರಡು ಲೋಟ ಕುಡಿದೆ.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅತ್ತೆ ಸಿರುಗುಪ್ಪದ ಆಸ್ಪತ್ರೆಗೆ ಬಂದರು, ಒಬ್ಬರೇ, ಬಸ್ಸಿನಲ್ಲಿ. ಕಣ್ಣು ಮಂಜಾಗಿವೆ, ತೋರಿಸಬೇಕು ಎಂದರು. ಕುರುಗೋಡಿನಿಂದ ಬಳ್ಳಾರಿ ಹತ್ತಿರ, ಅಲ್ಲಿ ಕಣ್ಣಿನ ಡಾಕ್ಟರೂ ಇದ್ದಾರೆ, ಇಷ್ಟು ದೂರ ಯಾಕೆ ಬಂದಿರಿ ಎಂದು ನಾನು ಕೇಳಲಿಲ್ಲ. ನಮ್ಮ ಡಾಕ್ಟರು ನೋಡಿ, ಅಜ್ಜಿ, ನನಗಿಂತ ನಿಮ್ಮ ಕಣ್ಣೇ ಚೆನ್ನಾಗ್ಯವೆ ಅಂದರು. ಕೋಣೆಗೆ ಕರೆದೊಯ್ದು ಊಟ ಹಾಕಿದೆ. ಮಗನ ಎರಡನೇ ಮದುವೆಯಾಗಿತ್ತು. ಕೀಲಿಕೈ ಸಂಗತಿಗೆ ಅವನು ಏನೂ ಅನ್ನಲಿಲ್ಲವೇ ಎಂದೆ. ಮಾತು ಬಿಟ್ಟಿದ್ದ, ಹಸಿವಾದ ಮೇಲೆ ತಾನೇ ಬಂದ ಅಂದರು. ಆಮೇಲೆ ಮನೆಯ ತುಂಬ ಕಣ್ಣಾಡಿಸಿ, ಒಳ್ಳೇದು, ಒಳ್ಳೇದು ಅಂದರು.

ಬಸ್ ಸ್ಟ್ಯಾಂಡಿಗೆ ನಾನೇ ಬಿಡುತ್ತೇನೆ, ಹಿಂದೆ ಕೂಡಿ ಅಂದಾಗ ಅವರು ಸ್ಕೂಟರನ್ನು ಹೊಸದಾಗಿ ನೋಡುವಂತೆ ನೋಡಿದರು. ಅಷ್ಟು ವರ್ಷ ಅವರ ಅಂಗಳದಲ್ಲೇ ನಿಂತಿದ್ದ ಗಾಡಿಯ ಮೇಲೆ ಅವರನ್ನು ಒಮ್ಮೆಯೂ ಯಾರೂ ಕೂರಿಸಿರಲಿಲ್ಲ. ಮುದುಕರು ಕೂತರೆ ತೂಕ ಒಂದು ಕಡೆ ಆಗುತ್ತದೆ ಎಂದು ಮಗ ಹೇಳಿದ್ದನಂತೆ. ನಾನೂ ಆ ವರ್ಷಗಳಲ್ಲಿ ಅವರನ್ನು ಕೇಳಿರಲಿಲ್ಲ. ಅವರದೂ ಕಚ್ಚೆ ಸೀರೆ. ಒಂದೇ ಕಡೆ ಕಾಲು ಇಳಿಬಿಡಿ ಎಂದು ನಾನು ಹೇಳುವ ಮೊದಲೇ ಗಂಡಸರಂತೆ ಎರಡೂ ಕಡೆ ಕಾಲು ಹಾಕಿ ಗಟ್ಟಿಯಾಗಿ ಕೂತು, ನನ್ನ ಸೊಂಟ ಹಿಡಿದುಕೊಂಡರು. ದಾರಿಯುದ್ದಕ್ಕೂ ಅವರ ಎದೆ ಬಡಿತ ನನ್ನ ಬೆನ್ನಿಗೆ ಕೇಳುತ್ತಿತ್ತು. ಹೆದರಿದ್ದಾರೆ ಎಂದುಕೊಂಡು ಮೆಲ್ಲಗೆ ಓಡಿಸಿದೆ.

ಕುರುಗೋಡಿನ ಬಸ್ಸು ಇಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು. ಕಂಡಕ್ಟರು ಬಾಗಿಲಲ್ಲಿ ನೇತುಬಿದ್ದು ಕುರುಗೋಡು, ಕುರುಗೋಡು ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ನಾನು ಅದರ ಪಕ್ಕದಲ್ಲೇ ಗಾಡಿ ನಿಲ್ಲಿಸಿದೆ. ಅತ್ತೆ ಇಳಿಯಲಿಲ್ಲ. ಬಸ್ಸನ್ನು ನೋಡಿದರು, ಆಮೇಲೆ ಮುಂದಿನ ರಸ್ತೆಯನ್ನು ನೋಡಿದರು. ನನ್ನ ಸೊಂಟ ಹಿಡಿದ ಕೈ ಇನ್ನಷ್ಟು ಬಿಗಿಯಾಯಿತು.

“ನಮ್ಮೂರ ಬಸ್ ಇನ್ನಾ ಬಂದಿಲ್ಲ ಕಾಣಸ್ತೈತಿ,” ಅಂದರು. “ಅಲ್ಲೀತನ ಇನ್ನೊಂದಿಷ್ಟು ದೂರ ಹೋಗಿ ಬರೂಣು, ನಡಿ.”

ನಾನು ಕಂಡಕ್ಟರಿಗೆ ಹೋಗೆಂದು ಕೈಸನ್ನೆ ಮಾಡಿ, ಗಾಡಿಯನ್ನು ಆದೋನಿ ರಸ್ತೆಗೆ ತಿರುಗಿಸಿದೆ.